ಶೇವಂತಿ ಕಾಕು ಹುಚ್ಚಿಯಾದದ್ದು

ನಮ್ಮ ಶೇವಂತಿ ಕಾಕುವಿನ ಬಾಯಿಗೆ ಬನಹಟ್ಟಿಯಲ್ಲಿ ಹೆದರದವರು ಇಬ್ಬರೇ. ಒಬ್ಬರು ಅವಳ ಗಂಡ ಕಾಶಪ್ಪ ಕಾಕಾ. ನಲವತ್ತು ವರ್ಷ ಪವರ್‌ಲೂಮಿನ ಪಕ್ಕ ನಿಂತು ಅವರ ಕಿವಿ ಅರ್ಧ ಹೋಗಿದೆ, ಹೀಗಾಗಿ ಅರ್ಧ ಬೈಗುಳವಷ್ಟೇ ತಲುಪುತ್ತದೆ. ಇನ್ನೊಬ್ಬಳು ನಾನು. ಕಾಕಾ ನಮ್ಮ ಅಪ್ಪನ ತಮ್ಮ, ನಾನು ಬೆಳೆದದ್ದು ಕಾಕುವಿನ ಕೈಯಲ್ಲೇ, ಬಾಯಿಯೂ ಅವಳದೇ ಬಂದಿದೆ. ನನ್ನ ಹೆಸರು ಅನುರಾಧಾ, ಬಜಾರದ ತುದಿಯಲ್ಲಿ ಒಂದು ಮೆಡಿಕಲ್ ಅಂಗಡಿ ನಡೆಸುತ್ತೇನೆ.

ಅಂಗಡಿಯಲ್ಲಿ ಕೂತವರಿಗೆ ಊರಿನ ಗುಟ್ಟೆಲ್ಲ ಗೊತ್ತಿರುತ್ತದೆ. ಶುಗರಿನ ಗುಳಿಗೆಯನ್ನು ಜನ ರಸ್ತೆಯಿಂದಲೇ ಕೂಗಿ ಕೇಳುತ್ತಾರೆ. ಮೂಲವ್ಯಾಧಿಯ ಮುಲಾಮನ್ನು ಸ್ವಲ್ಪ ಬಗ್ಗಿ ಕೇಳುತ್ತಾರೆ. ಮನಸ್ಸಿನ ಗುಳಿಗೆಯನ್ನು ಮಾತ್ರ ಊರಲ್ಲಿ ಕೊಳ್ಳುವುದೇ ಇಲ್ಲ. ಬನಹಟ್ಟಿಯವರು ಅದಕ್ಕಾಗಿ ಜಮಖಂಡಿಗೆ ಹೋಗುತ್ತಾರೆ, ಜಮಖಂಡಿಯವರು ನನ್ನ ಅಂಗಡಿಗೆ ಬರುತ್ತಾರೆ. ಬಂದವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಲ್ಲಿ ಬಚ್ಚಿಟ್ಟುಕೊಂಡಿರುತ್ತಾರೆ. "ನಮಗಲ್ರಿ, ಬಾಜೂ ಮನಿಯವರಿಗ್ರಿ" ಎಂದು ನಾನು ಕೇಳದಿದ್ದರೂ ಹೇಳುತ್ತಾರೆ. ಹಾಗೆ ನೋಡಿದರೆ ಜಮಖಂಡಿಯಲ್ಲಿ ಬಾಜೂ ಮನೆಯವರನ್ನು ಇಷ್ಟು ಪ್ರೀತಿಯಿಂದ ನೋಡಿಕೊಳ್ಳುವವರು ಬಹಳ ಮಂದಿ ಇದ್ದಾರೆ.

ಇಂಥ ಊರಿನಲ್ಲಿ ನಮ್ಮ ಕಾಕು ಪುಕ್ಕಟೆ ಡಾಕ್ಟರು. ದಿನವಿಡೀ ರಾಟೆಯ ಮುಂದೆ ಕೂತು ಮಗ್ಗದ ಲಾಳಿಗೆ ಕಂಡಿಕೆ ಸುತ್ತುತ್ತಾಳೆ, ಬಾಯಲ್ಲಿ ಎಲೆ, ಅಡಿಕೆ, ತಂಬಾಕು. ಓಣಿಯ ಹೆಂಗಸರು ಬಂದು ಕೂತು ಕಷ್ಟ ಹೇಳಿಕೊಳ್ಳುತ್ತಾರೆ. ನಿದ್ದೆ ಬರುವುದಿಲ್ಲ ಅಂದವರಿಗೆ, "ಮೈ ಮುರದ ದುಡೀರಿ, ಬರ್ತೈತಿ." ಎದೆ ಹೊಡೆದುಕೊಳ್ಳುತ್ತದೆ ಅಂದವರಿಗೆ, "ಯಾರದೋ ಕಣ್ಣ ಬಿದ್ದೈತಿ, ಇಳಿ ತಗೀರಿ." ಹುಡುಗಿ ಸುಮ್ಮಸುಮ್ಮನೆ ಅಳುತ್ತಾಳೆ ಅಂದರೆ, "ಲಗ್ನ ಮಾಡ್ರಿ." ಲಗ್ನ ಆಗಿದ್ದರೆ, "ಒಂದ ಕೂಸ ಆಗ್ಲಿ." ಕೂಸು ಆಗಿದ್ದರೆ, "ಇನ್ನೊಂದ ಆಗ್ಲಿ." ಅವಳ ಔಷಧಿಯಿಂದ ನಮ್ಮ ಓಣಿಯ ಜನಸಂಖ್ಯೆ ಹೆಚ್ಚಿತೇ ಹೊರತು ಯಾರ ಅಳುವೂ ನಿಂತದ್ದನ್ನು ನಾನು ಕಂಡಿಲ್ಲ.

ಮನಸ್ಸಿನ ಡಾಕ್ಟರ ಮಾತೆತ್ತಿದರೆ ಮುಗಿಯಿತು, ಅವಳಿಗೆ ಧಾರವಾಡ ನೆನಪಾಗುತ್ತದೆ. ಧಾರವಾಡದಲ್ಲಿ ಪೇಡೆ ಇದೆ, ಕೋರ್ಟು ಇದೆ, ದೊಡ್ಡ ದೊಡ್ಡ ಕಾಲೇಜುಗಳಿವೆ. ಆದರೆ ಹುಚ್ಚರ ಆಸ್ಪತ್ರೆಯೂ ಅಲ್ಲೇ ಇರುವುದರಿಂದ ನಮ್ಮ ಕಡೆ ಯಾರಾದರೂ ಧಾರವಾಡಕ್ಕೆ ಹೋಗಿದ್ದೆ ಅಂದರೆ ಎದುರಿಗಿದ್ದವರು ಒಂದು ಗಳಿಗೆ ಅವರ ಕಣ್ಣನ್ನೇ ನೋಡುತ್ತಾರೆ, ಸರಿಯಾಗಿದೆಯೋ ಇಲ್ಲವೋ ಎಂದು. ನನ್ನ ತಮ್ಮ ವಿಜಯ ಅಲ್ಲಿ ಕೃಷಿ ಓದಿ ಡಿಗ್ರಿ ತಂದಿದ್ದಾನೆ. ಅವನಿಗೆ ಹೆಣ್ಣು ನೋಡುವಾಗ ಕಾಕು ಬೀಗರ ಮುಂದೆ, "ಹುಡುಗ ಹುಬ್ಬಳ್ಳಿ ಕಡೆ ಓದ್ಯಾನ್ರಿ" ಅಂದಳು. ಇವತ್ತಿಗೂ ಅವನ ಹೆಂಡತಿ ಮನೆಯವರಿಗೆ ಅವನು ಎಲ್ಲಿ ಓದಿದ ಅನ್ನುವುದು ಸರಿಯಾಗಿ ಗೊತ್ತಿಲ್ಲ.

ಇಂಥವಳ ಗಂಡನೇ ಕಳೆದ ದೀಪಾವಳಿ ಆದಮೇಲೆ ಕುಂದತೊಡಗಿದರು.

ಯಾಕೆ ಅಂತ ಕೇಳಬೇಡಿ. ಎಲ್ಲರೂ ಅದನ್ನೇ ಕೇಳಿ ಕೇಳಿ ನನ್ನ ತಲೆ ತಿಂದಿದ್ದಾರೆ. ಯಾರೂ ಸತ್ತಿರಲಿಲ್ಲ. ಮಗಳು ಮಹಾಲಿಂಗಪುರದಲ್ಲಿ ಗಂಡನ ಮನೆಯಲ್ಲಿ ಸುಖವಾಗಿದ್ದಳು. ಮಗ್ಗ ನಡೆಯುತ್ತಿತ್ತು. ಮನೆಯಲ್ಲಿ ಕಾಕುವಿನ ಮಾಮೂಲಿ ಜಗಳ ಬಿಟ್ಟರೆ ಬೇರೆ ಜಗಳ ಇರಲಿಲ್ಲ. ಆದರೂ ಕಾಕಾ ನಸುಕಿನಲ್ಲೇ ಎದ್ದು ಗೋಡೆ ನೋಡುತ್ತ ಕೂಡುತ್ತಿದ್ದರು. ತಾಟಿನ ಮುಂದೆ ಕೂತರೆ ಅರ್ಧ ರೊಟ್ಟಿ. ಮಗ್ಗದ ಮೇಲೆ ಎಳೆ ಹರಿದರೆ ಅದನ್ನು ಕೂಡಿಸದೆ ಸುಮ್ಮನೆ ನಿಂತುಬಿಡುತ್ತಿದ್ದರು. ಅವರು ನೇಯ್ದ ಸೀರೆಯಲ್ಲಿ ಗೆರೆ ಬಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ದಿನ ನಾನು ಹೋದಾಗ ಮಗ್ಗ ಓಡುತ್ತಿತ್ತು, ಕಾಕಾ ಅದರ ಮುಂದೆ ನಿಂತು ಅಳುತ್ತಿದ್ದರು.

ಓಣಿಯ ಹಿರಿಯರು ಗಿರಿಮಲ್ಲಪ್ಪ ಮಾಸ್ತರರು. ರಿಟೈರ್ ಆದಮೇಲೆ ಉಪದೇಶ ಬಿಟ್ಟು ಬೇರೆ ಕೆಲಸ ಇಟ್ಟುಕೊಂಡವರಲ್ಲ. ಬಂದು ಕಾಕಾನ ಭುಜ ತಟ್ಟಿ, "ಕಾಶಪ್ಪಾ, ಗಂಡಸ ಹಂಗೆಲ್ಲಾ ಅಳಬಾರದು. ಧೈರ್ಯಾ ತಗೋ" ಅಂದರು. ಬಂದವರೆಲ್ಲ ಅದನ್ನೇ ಹೇಳಿದರು. ಧೈರ್ಯ ತಗೋ, ಧೈರ್ಯ ತಗೋ. ಎಲ್ಲಿಂದ ತಗೊಳ್ಳುವುದು? ನನ್ನ ಅಂಗಡಿಯಲ್ಲಂತೂ ಇಲ್ಲ.

ಕಾಕು ಇಳಿ ತೆಗೆದಳು. ತಾಯತ ಕಟ್ಟಿಸಿದಳು. ಎರಡು ದಿನ ಬೈದಳು, ಎರಡು ದಿನ ತುಪ್ಪ ಉಣಿಸಿದಳು. ಡಾಕ್ಟರಿಗೆ ತೋರಿಸೋಣ ಎಂದು ನಾನು ಮೂರು ಸಲ ಹೇಳಿದೆ. ಮೊದಲ ಸಲ, "ನಮ್ಮ ಮನಿತನದಾಗ ಯಾರಿಗೂ ಹುಚ್ಚಿಲ್ಲ" ಅಂದಳು. ಎರಡನೆಯ ಸಲ, "ಮಗಳ ಅತ್ತಿಮನಿಯವರಿಗೆ ಗೊತ್ತಾದ್ರ ಏನಂದಾರು?" ಮೂರನೆಯ ಸಲ ಬಾಯಿಗೆ ತಂಬಾಕು ಒತ್ತಿಕೊಳ್ಳುತ್ತ, "ಆ ಗುಳಿಗಿ ಒಮ್ಮಿ ಸುರು ಆತಂದ್ರ ಸಾಯೂತನಕ ಚಟಾ ಹತ್ತತೈತಿ ಬೇ" ಅಂದಳು. ನನಗೆ ಸಿಟ್ಟು ಬಂದು ಎದ್ದು ಬಂದೆ. ನಾಲ್ಕನೆಯ ಸಲ ಹೇಳಲಿಲ್ಲ. ಅದಕ್ಕಾಗಿ ನನ್ನ ಮೇಲೇ ನನಗೆ ಇವತ್ತಿಗೂ ಸಿಟ್ಟಿದೆ.

ಹೀಗಿರುವಾಗ ಒಂದು ದಿನ ಕಾಕಾ ಒಮ್ಮೆಲೇ ನೆಟ್ಟಗಾದರು. ಬೆಳಿಗ್ಗೆ ಐದಕ್ಕೆ ಎದ್ದು ಸ್ನಾನ ಮಾಡಿ ಮಗ್ಗ ಚಾಲೂ ಮಾಡಿದರು. ಮುಖ ಶಾಂತವಾಗಿತ್ತು. ಯಾರೊಂದಿಗೂ ಸಿಡುಕಲಿಲ್ಲ. ದಿನಕ್ಕೊಂದು ಸೀರೆ ಇಳಿಸುತ್ತಿದ್ದವರು ಎರಡು ಇಳಿಸತೊಡಗಿದರು. ವಾರದೊಳಗೆ ಕಾಕು ಹೋಳಿಗೆ ಮಾಡಿಕೊಂಡು ನನ್ನ ಅಂಗಡಿಗೇ ಬಂದಳು. ಗಿರಾಕಿಗಳ ಎದುರೇ ಡಬ್ಬಿ ತೆರೆದು, "ತಿನ್ನ ಬೇ, ಓದಿದಾಕಿ. ಯಾವ ಡಾಕ್ಟರೂ ಇಲ್ಲ, ಯಾವ ಗುಳಿಗೀನೂ ಇಲ್ಲ. ಕೈಗೆ ಕೆಲಸಾ ಹತ್ತಿದ ಕೂಡ್ಲೆ ಮನಸ್ಸು ತಾನ ನೆಟ್ಟಗಾತು. ದುಡಿಯಾಂವಗ ಯಾವ ಬ್ಯಾನೀನೂ ಇಲ್ಲ" ಅಂದಳು. ನಾನು ಎರಡು ಹೋಳಿಗೆ ತಿಂದು ಸೋಲು ಒಪ್ಪಿಕೊಂಡೆ. ಹೋಳಿಗೆ ಚೆನ್ನಾಗಿದ್ದವು.

ಅದರ ಮುಂದಿನ ಸೋಮವಾರ ಮಧ್ಯಾಹ್ನ ಗುರುಪಾದ ಅಂಗಡಿಗೆ ಬಂದ. ಕಾಕಾನ ಪಕ್ಕದ ಮಗ್ಗ ನಡೆಸುವವನು. ಹೆಬ್ಬೆರಳಿಗೆ ಗಾಯ ಮಾಡಿಕೊಂಡಿದ್ದ, ಪಟ್ಟಿ ಬೇಕಾಗಿತ್ತು.

"ಏನ ಹತ್ತಿತೋ?"

"ಹೊಸಾ ಕತ್ರಿ ಅಕ್ಕಾರ, ಭಾಳ ಹರಿತ ಐತಿ" ಎಂದು ಹೆಮ್ಮೆಯಿಂದ ತೋರಿಸಿದ.

ಹೊಸದೇನಲ್ಲ. ಹಿಡಿಕೆಗೆ ಕೆಂಪು ನೂಲು ಸುತ್ತಿದ ಪುಟ್ಟ ಕತ್ತರಿ, ಕಾಕಾನದು. ಮೂವತ್ತು ವರ್ಷದಿಂದ ಅದನ್ನು ಅವರು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಒಮ್ಮೆ ಕಾಕುವಿನ ಅಣ್ಣ ಅದರಿಂದ ಮೀಸೆ ಕತ್ತರಿಸಿಕೊಂಡನೆಂದು ಎಂಟು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದರು.

"ಕಾಶಪ್ಪಣ್ಣ ಕೊಟ್ಟಾನ್ರಿ. ನೀನ ಇಟ್ಗೋ, ನನಗಿನ್ನ ಬೇಕಾಗಂಗಿಲ್ಲ ಅಂದಾನ."

ಅಂಗಡಿಯ ಶಟರ್ ಅರ್ಧ ಎಳೆದು ಓಡಿದೆ. ಕಾಕು ರಾಟೆಯ ಮುಂದೆ ಕೂತಿದ್ದಳು. ಗೋಡೆಯಾಚೆ ಮಗ್ಗಗಳ ಸದ್ದು. ಕತ್ತರಿಯ ಸುದ್ದಿ ಹೇಳಿದೆ.

"ಕೊಟ್ರ ಕೊಟ್ಟಾರ. ದೊಡ್ಡ ಮನಸ್ಸು ಮಾಡ್ಯಾರ. ಅದಕ್ಯಾಕ ಹಿಂಗ ಓಡಿ ಬಂದಿ?"

"ಕಾಕು, ಮಗ್ಗದ ಮ್ಯಾಲಿನ ಹಾಸು ಎಷ್ಟ ಉಳದೈತಿ?"

"ಎಲ್ಲೀದ ಉಳೀತೈತಿ? ಅಮಾಸಿ ಒಳಗ ಮುಗಸ್ತೇನಿ ಅಂತ ಹಟಾ ಹಿಡದಾರ."

"ಹೊಸಾ ಹಾಸು ಯಾವಾಗ ಬರ್ತೈತಿ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾಸು ಅಂದರೆ ಮಗ್ಗದ ಉದ್ದಕ್ಕೂ ಹಾಯುವ ನೂಲು. ಒಂದು ಹಾಸು ಮುಗಿಯುವ ಮೊದಲೇ ನೇಕಾರ ಸಾವಕಾರರಿಂದ ಇನ್ನೊಂದು ತರಿಸಿಡುತ್ತಾನೆ. ಹಳೆಯದರ ತುದಿಗೆ ಹೊಸದರ ತುದಿಯನ್ನು ಎಳೆಗೆ ಎಳೆ ಕೂಡಿಸಬೇಕು, ಸಾವಿರಾರು ಎಳೆ. ಹೊಸ ಹಾಸು ಹೇಳದೆ ಹಳೆಯದನ್ನು ಮುಗಿಸುವ ನೇಕಾರ ನಮ್ಮ ಊರಲ್ಲಿ ಇಲ್ಲ. ಮಗ್ಗವನ್ನು ಮಾರುವವನು ಮಾತ್ರ ಹಾಗೆ ಮಾಡುತ್ತಾನೆ.

"ಹೊಸಾದು ಬ್ಯಾಡ ಅಂತ ಸಾವಕಾರಗ ಹೇಳಿ ಕಳಸ್ಯಾರ" ಅಂದಳು ಕಾಕು.

ಅಂದವಳು ತನ್ನ ಮಾತನ್ನು ತಾನೇ ಕೇಳಿಸಿಕೊಂಡಳು. ಕೈ ನಿಂತಿತು. ರಾಟೆ ತಾನೇ ಎರಡು ಸುತ್ತು ತಿರುಗಿ ನಿಂತಿತು.

"ಬ್ಯಾಡ ಅಂದ್ರ ಏನ್ ಅನು?"

"ನೀ ಅವರನ್ನ ಕೇಳಿದಿ ಏನು, ಯಾಕ ಬ್ಯಾಡ ಅಂತ?"

"ಅಂಥಾದ್ದ ಕೇಳಬಾರದವ್ವ. ಕೇಳಿದ್ರ ಇಲ್ಲದ್ದ ತಲ್ಯಾಗ ತುಂಬಿದಂಗ ಆಕ್ಕೈತಿ."

"ತಲ್ಯಾಗ ಇದ್ದದ್ದಕ್ಕ ದಿನಾ ಗೊತ್ತ ಮಾಡ್ಯಾರ ಕಾಕು! ಗುರುವಾರ ಅಮಾಸಿ ಐತಿ!" ಎಂದು ನಾನು ಕಿರಿಚಿದೆ. ಮಗ್ಗದ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ.

ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗಗಳಿಗೆ ರಜೆ. ಶೆಡ್ಡಿನಲ್ಲಿ ಯಾರೂ ಇರುವುದಿಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಆ ಸೋಮವಾರ ನನ್ನಿಂದ ಸಂಗತಿ ತಿಳಿದ ಗುರುಪಾದ ಒಂದಿಲ್ಲೊಂದು ನೆವ ಹೇಳಿ ಕಾಕಾನ ಪಕ್ಕ ಬಿಟ್ಟು ಕದಲಲಿಲ್ಲ, ರಾತ್ರಿ ಕಾಕು ಬಾಗಿಲಿಗೆ ಅಡ್ಡ ಹಾಸಿಗೆ ಹಾಕಿ ಮಲಗಿದಳು.

ಮುಧೋಳದಲ್ಲಿ ಮನಸ್ಸಿನ ಡಾಕ್ಟರೊಬ್ಬರು ಮಂಗಳವಾರ ಕೂಡುತ್ತಿದ್ದರು. ಮರುದಿನವೇ ಮಂಗಳವಾರ, ಆದರೆ ಕಾಕಾನನ್ನು ಕರೆದೊಯ್ಯುವುದು ಹೇಗೆ? ಕರೆದರೆ, "ನನಗೇನಾಗೇತಿ? ಆರಾಮ ಅದೇನಿ" ಎಂದು ಮಗ್ಗದ ಕಡೆ ತಿರುಗಿದರು. ಕಾಕು ಸೆರಗು ಸೊಂಟಕ್ಕೆ ಸಿಗಿಸಿ ನಡುಬೀದಿಗೆ ಬಂದು ನಿಂತು, ಮಗ್ಗಗಳನ್ನೂ ಮೀರಿಸುವ ದನಿಯಲ್ಲಿ ಕೂಗಿದಳು: "ನನಗ ಹುಚ್ಚ ಹಿಡದೈತಿ! ನನ್ನ ದವಾಖಾನಿಗೆ ಕರಕೊಂಡ ನಡೀರೋ!"

ಎದುರು ಮನೆಯ ತಾಯವ್ವ ಕಿಟಕಿಯಿಂದ ತಲೆ ಹಾಕಿ, "ಈಗ ಗೊತ್ತಾತೇನ ನಿನಗ? ನಮಗ ಇಪ್ಪತ್ತ ವರ್ಷದಿಂದ ಗೊತ್ತೈತಿ" ಅಂದಳು.

ಓಣಿಯಲ್ಲಿ ಮಾನ ಹೋಗುತ್ತದೆಂದು ಗಂಡನನ್ನು ಡಾಕ್ಟರ ಬಳಿ ಒಯ್ಯದವಳು ತನ್ನ ಮಾನವನ್ನು ಬೀದಿಯಲ್ಲಿ ಹರವಿ ನಿಂತಿದ್ದಳು. ಕಾಕಾ ಮಗ್ಗ ನಿಲ್ಲಿಸಿ ಹೊರಗೆ ಬಂದರು. ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದರು. ಒಳಗೆ ಹೋಗಿ ಅಂಗಿ ಹಾಕಿಕೊಂಡು, ಟೋಪಿ ಇಟ್ಟುಕೊಂಡು ಬಂದು, "ನಡಿ, ಒಬ್ಬಾಕಿನ ಹೆಂಗ ಕಳಸ್ಲಿ" ಅಂದರು.

ಮುಧೋಳದ ದವಾಖಾನೆಯ ಬೆಂಚಿನ ತುದಿಯಲ್ಲಿ ಒಬ್ಬರು ಟಾವೆಲ್ಲಿನಿಂದ ಮುಖ ಮುಚ್ಚಿಕೊಂಡು ಕೂತಿದ್ದರು. ಚಪ್ಪಲಿ ನೋಡಿಯೇ ಕಾಕು ಗುರುತು ಹಿಡಿದಳು. "ಗಿರಿಮಲ್ಲಪ್ಪ ಮಾಸ್ತರ, ನೀವೇನ್ರಿ ಇಲ್ಲಿ?"

ಟಾವೆಲ್ಲಿನೊಳಗಿಂದ ಸಣ್ಣ ದನಿ ಬಂತು. "ಮಂಡಿ ನೋವವ್ವ."

"ಮಂಡಿ ಡಾಕ್ಟರ್ ಆಚಿ ಓಣ್ಯಾಗ ಅದಾರ್ರಿ."

"ಗೊತ್ತೈತವ್ವ" ಅಂದರು ಮಾಸ್ತರರು, ಎದ್ದು ಹೋಗಲಿಲ್ಲ. ಅವರು ಅಲ್ಲಿಗೆ ಬರತೊಡಗಿ ಎರಡು ವರ್ಷವಾಗಿತ್ತಂತೆ. ಧೈರ್ಯ ಎಲ್ಲಿ ಸಿಗುತ್ತದೆ ಎನ್ನುವುದು ಗೊತ್ತಿದ್ದೂ ವಿಳಾಸ ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ಇದನ್ನು ಬರೆಯಲು ಆಮೇಲೆ ಅವರೇ ಒಪ್ಪಿದರು, ಇಲ್ಲದಿದ್ದರೆ ನಾನು ಬರೆಯುತ್ತಿರಲಿಲ್ಲ.

ಡಾಕ್ಟರ್ ರಂಜನಾ ಮೂವತ್ತೈದರೊಳಗಿನ ಹೆಣ್ಣುಮಗಳು. ಕಾಕು ಕರೆಂಟಿನ ವೈರು, ಕಟ್ಟಿಹಾಕುವ ಹಗ್ಗ ಎಲ್ಲಿವೆ ಎಂದು ಕೋಣೆಯ ಮೂಲೆಮೂಲೆ ಹುಡುಕಿ, ಮೇಜು, ಮೂರು ಕುರ್ಚಿ, ನೀರಿನ ಬಾಟಲಿ ಬಿಟ್ಟು ಏನೂ ಕಾಣದೆ ಕೂತಳು.

"ಯಾರಿಗ್ರಿ ಆರಾಮಿಲ್ಲ?"

"ನನಗ್ರಿ ಡಾಕ್ಟರಬಾಯಾರ" ಅಂದಳು ಕಾಕು. ಶೆಡ್ಡಿನಲ್ಲಿ ಮಾತಾಡುವ ದನಿಯಲ್ಲೇ ಶುರು ಮಾಡಿದಳು. "ದೀಪಾವಳಿಯಿಂದ ನಿದ್ದಿ ಇಲ್ರಿ. ನಸಿಕಿನ್ಯಾಗ ಮೂರಕ್ಕ ಎಚ್ಚರಾಕ್ಕೈತಿ, ಗ್ವಾಡಿ ನೋಡ್ಕೋತ ಕೂಡ್ತೇನಿ. ರೊಟ್ಟಿ ಗಂಟಲದಾಗ ಇಳಿಯೂದಿಲ್ಲ. ಎಳಿ ಹರದ್ರ ಕೂಡಸಾಕ ಕೈ ಏಳೂದಿಲ್ಲ. ಮೊಮ್ಮಗಳ ಬಂದ ತೊಡಿ ಮ್ಯಾಲ ಕುಂತ್ರೂ ನಗು ಬರೂದಿಲ್ಲ. ಆಕಿ ಹ್ವಾದ ಮ್ಯಾಲ ಮೋರಿ ಕಡೆ ಹೋಗಿ ಅಳತೇನಿ, ಯಾರಿಗೂ ಕಾಣಬಾರದಂತ."

ನಾನು ಅವಳನ್ನೇ ನೋಡುತ್ತ ಕೂತೆ. ಇವಳು ಎಲ್ಲವನ್ನೂ ನೋಡಿದ್ದಳು. ಒಂದೊಂದನ್ನೂ. ನೋಡಿ ನೋಡಿಯೂ ಅದಕ್ಕೆ ಮೈಗಳ್ಳತನ, ಕಣ್ಣು ಬಿದ್ದದ್ದು, ಹಟ ಎಂದು ಹೆಸರಿಡುತ್ತ ಬಂದಿದ್ದಳು.

"ಈಗ ಈ ಹಾಸು ಒಂದ ಮುಗದ್ರ ಸಾಕಂತ..." ಎನ್ನುವಾಗ ಅವಳ ದನಿ ಬಿರಿಯಿತು.

"ಆಕೀಗಲ್ರಿ" ಅಂದರು ಕಾಕಾ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅದು ನನಗ್ರಿ."

ಡಾಕ್ಟರು ಕುರ್ಚಿಯನ್ನು ಅವರ ಕಡೆ ತಿರುಗಿಸಿ, ಅವರ ಒಳ್ಳೆಯ ಕಿವಿ ಯಾವುದೆಂದು ಕೇಳಿ, ಆ ಕಿವಿಗೆ ಕೇಳುವ ಹಾಗೆ ನೇರವಾಗಿ ಕೇಳಿದರು. "ಸಾಯಬೇಕು ಅನಸಾಕತ್ತೈತೇನ್ರಿ?"

ಕಾಕು ಎದ್ದೇ ನಿಂತಳು. "ಹಂಗ್ಯಾಕ ಕೇಳತೀರಿ ಬಾಯಾರ! ಇಲ್ಲದ್ದ ತಲ್ಯಾಗ..."

"ಕೇಳಿದ್ರ ತಲಿಯೊಳಗ ಹೋಗೂದಿಲ್ರಿ ಅಮ್ಮಾ. ತಲ್ಯಾಗಿದ್ದದ್ದು ಹೊರಗ ಬರ್ತೈತಿ. ಕೂಡ್ರಿ."

"ಅನಸ್ತೈತ್ರಿ" ಅಂದರು ಕಾಕಾ. "ಅಮಾಸಿಗೆ ಅಂತ ಮಾಡಿದ್ದೆ. ಹಾಸು ಅರ್ಧಕ್ಕ ಬಿಟ್ರ ಹಿಂದಿನವರಿಗೆ ತ್ರಾಸ. ಮಾಡೂದ ಗೊತ್ತಾದ ಮ್ಯಾಲ ಮನಸ್ಸಿಗೆ ಸ್ವಲ್ಪ ಆರಾಮ ಅನಿಸ್ತು. ಈಕೀಗೂ ಹಗುರ ಆಕ್ಕೈತಿ ಅಂತ."

ಕಾಕು ಕೈಯಲ್ಲಿದ್ದ ಚೀಲದಿಂದ ಅವರ ಭುಜಕ್ಕೆ ಹೊಡೆದಳು. "ಹಗುರ? ಯಾರಿಗಿ ಹಗುರ? ನಾ ಹೋಳಿಗಿ ಮಾಡಿ ಊರಿಗೆಲ್ಲಾ ಹಂಚಿದ್ನೆಲ್ರೀ! ನೀವ ಸಾಯಾಕ ತಯಾರಿ ನಡಸಿದ್ದಕ್ಕ ಹೋಳಿಗಿ ಹಂಚಿದ್ನೆಲ್ಲಾ!" ಮತ್ತೊಮ್ಮೆ ಹೊಡೆಯಲು ಎತ್ತಿದ ಕೈ ಹಾಗೇ ಅವರ ಹೆಗಲ ಮೇಲೆ ಬಿತ್ತು. ಇಬ್ಬರೂ ಅತ್ತರು. ನಾನೂ ಅತ್ತೆ. ಡಾಕ್ಟರು ಅವಸರ ಮಾಡಲಿಲ್ಲ.

ಗುಳಿಗೆ ಬರೆದುಕೊಟ್ಟರು. ಕೆಲಸ ತೋರಿಸಲು ಅವಕ್ಕೆ ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ಕಾಕಾನನ್ನು ಒಂಟಿಯಾಗಿ ಬಿಡಬೇಡಿ, ವಾರವಾರ ಬಂದು ಮಾತಾಡಿ ಹೋಗಿ, ದಿನಾ ಕೇಳುತ್ತಿರಿ ಅಂದರು. ಬಾಗಿಲವರೆಗೆ ಬಂದ ಕಾಕು ತಿರುಗಿ, "ಚಟಾ ಹತ್ತೂದಿಲ್ಲಲ್ರಿ ಇದು?" ಎಂದು ಕೇಳಿದಳು. ಡಾಕ್ಟರು ಅವಳ ಕೆಂಪು ಬಾಯಿಯನ್ನು ನೋಡಿ, "ಇದ ಹತ್ತೂದಿಲ್ರಿ. ನಿಮ್ಮ ಬಾಯಾಗಿಂದ ಹತ್ತೈತಿ" ಅಂದರು. ಕಾಕು ಹೊರಗೆ ಬಂದು, "ಡಾಕ್ಟರ್ ಭಾಳ ಶಾಣ್ಯಾಕಿ ಅದಾಳ" ಅಂದಳು. ತಂಬಾಕು ಉಗುಳಲಿಲ್ಲ.

ದಿನಾ ಕೇಳಿ ಅಂದದ್ದನ್ನು ಮಾತ್ರ ಅವಳು ಅಕ್ಷರಶಃ ಹಿಡಿದಳು. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತ ಗಂಡನಿಗೆ ಚಹಾ ಕೊಟ್ಟು, ಅರೆಗಿವುಡರಿಗೆ ಕೇಳಲೆಂದು ಇಡೀ ಓಣಿಗೆ ಕೇಳುವ ಹಾಗೆ, "ಏನ್ರೀ, ಇವತ್ತ ಸಾಯಬೇಕು ಅನಸಾಕತ್ತೈತೇನು?" ಅಂದಳು. ತಾಯವ್ವನ ಕಿಟಕಿ ದಡಾರನೆ ಮುಚ್ಚಿತು. ಹಾಲು ಹಾಕುವವನು ಸೈಕಲ್ಲಿನಿಂದ ಇಳಿದೇಬಿಟ್ಟ. ಕಾಕಾ ತಲೆ ತಗ್ಗಿಸಿ, "ಹೂಂ" ಅಂದರು. ಕಾಕು ರಾಟೆಯ ಕಡೆ ಹೋಗದೆ ಅವರ ಪಕ್ಕ ಕೂತಳು.

ಅಮಾವಾಸ್ಯೆಯ ದಿನ ಮಗ್ಗಗಳು ನಿಂತಿದ್ದವು. ನಾನು ಅಂಗಡಿ ಮುಚ್ಚಿದೆ, ಗುರುಪಾದ ಬಂದ, ಮಹಾಲಿಂಗಪುರದಿಂದ ಮಗಳು ಬಂದಳು. ಎಲ್ಲರೂ ಕಾಕಾನ ಸುತ್ತ ಕೂತು ಶೇಂಗಾ ಸುಲಿದೆವು. ಕಾಕು ಹನ್ನೊಂದು ಸಲ ಕೇಳಿದಳು. ಹನ್ನೊಂದನೆಯ ಸಲ ಕಾಕಾ, "ಬಿಡ ಬೇ, ಅನಸಾಕೂ ಪುರುಸೊತ್ತ ಕೊಡವಲ್ಲಿ ನೀ" ಅಂದರು. ಅವತ್ತು ಸಂಜೆಯಾಯಿತು, ಅವರು ನಮ್ಮ ನಡುವೆ ಇದ್ದರು. ಮರುದಿನ ಕಾಕು ತಾನೇ ಸಾವಕಾರರ ಮನೆಗೆ ಹೋಗಿ ಹೊಸ ಹಾಸು ಹೇಳಿ ಬಂದಳು.

ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ಗುಳಿಗೆಯಿಂದ ಮೊದಲ ವಾರ ಕಾಕಾನಿಗೆ ಹೊಟ್ಟೆ ತೊಳಸಿತು, ಬೇಡ ಎಂದು ಹಟ ಮಾಡಿದರು, ಡಾಕ್ಟರು ಫೋನಿನಲ್ಲೇ ತಿಳಿಸಿ ಹೇಳಿದರು. ಮುಂಜಾನೆಯ ಉತ್ತರ ಒಂದು ದಿನ "ಸ್ವಲ್ಪ" ಆಗುತ್ತಿತ್ತು, ಮರುದಿನ ಮತ್ತೆ "ಹೂಂ". ಮುಗಿದ ಗುಳಿಗೆಯ ಖಾಲಿ ಹಾಳೆ ಹಿಡಿದು ಕಾಕು ನನ್ನ ಅಂಗಡಿಗೇ ಬರುತ್ತಿದ್ದಳು. "ಅನೂ, ನಿಮ್ಮ ಕಾಕಾನ ಮನಸ್ಸಿನ ಗುಳಿಗಿ ಕೊಡ" ಎಂದು ಬಜಾರದಿಂದಲೇ ಕೂಗುತ್ತಿದ್ದಳು. ಕೌಂಟರಿನ ಮುಂದೆ ಜಮಖಂಡಿಯವರಿದ್ದರೆ ಬೆವರುತ್ತಿದ್ದರು.

ಎರಡು ತಿಂಗಳ ಮೇಲಿನ ಮಾತು. ಬೆಳಿಗ್ಗೆ ಅಂಗಡಿಗೆ ಹೋಗುವ ದಾರಿಯಲ್ಲಿ ಕಾಕುವಿನ ಮನೆ ಮುಂದೆ ನಿಂತಿದ್ದೆ. ಕಾಕು ಎಂದಿನಂತೆ ಚಹಾದ ಕಪ್ಪು ಕಾಕಾನ ಕೈಗಿಟ್ಟು ಎಂದಿನಂತೆ ಕೇಳಿದಳು. ಓಣಿಗೆ ಅದು ರೂಢಿಯಾಗಿತ್ತು, ಯಾರೂ ತಿರುಗಿ ನೋಡಲಿಲ್ಲ. ಕಾಕಾ ಒಂದು ಗುಟುಕು ಕುಡಿದು ಮುಖ ಕಿವಿಚಿದರು.

"ಇಲ್ಲ. ಏನ ಚಾ ಮಾಡೀ ಇದು? ಸಕ್ಕರೀನ ಹಾಕಿಲ್ಲ."

ಕಾಕು, ಅವಳಲ್ಲಿ ಇದೆಯೆಂದು ನನಗೆ ಗೊತ್ತೇ ಇರದ ಒಂದು ಸಣ್ಣ ದನಿಯಲ್ಲಿ ಮಾತಾಡಿದಳು.

"ಮೂರ ತಿಂಗಳಾತು ಹಾಕಿಲ್ಲ. ಒಂದಿನಾ ಮರತಿದ್ದೆ, ನೀವ ಸುಮ್ಮ ಕುಡದ್ರಿ. ಮರುದಿನ ಬೇಕಂತ ಬಿಟ್ಟೆ, ಆವತ್ತೂ ಕುಡದ್ರಿ. ಯಾವತ್ತ ಬೈತೀರಿ ಅಂತ ದಿನಾ ಕಾಯಾಕತ್ತಿದ್ದೆ."

ಒಳಗೆ ಹೋಗಿ ಸಕ್ಕರೆಯ ಡಬ್ಬಿಯನ್ನೇ ತಂದು ಅವರ ಮುಂದಿಟ್ಟು, ಮೂಗು ಒರೆಸಿಕೊಳ್ಳುತ್ತ, "ಈಗ ಬಯ್ರಿ" ಅಂದಳು.